ವೈದ್ಯವಿದ್ಯಾರ್ಥಿಗಳ ಗ್ರಾಮಸೇವೆ: ದಾನವೋ, ಋಣವೋ?

ಕಳೆದ ಮಾಘಮಾಸದಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಕಾಡಂಚಿನ ಒಂದು ಹಾಡಿಗೆ ಹೋಗಿ ಬಂದಳು. ಆಕೆ ವೈದ್ಯಕೀಯ ಕಾಲೇಜಿನಲ್ಲಿ ಮೂರನೆಯ ವರ್ಷದ ವ್ಯಾಸಂಗದಲ್ಲಿರುವವಳು. ಸಹಪಾಠಿಗಳು ಸುಮಾರು 30 ಮಂದಿಯೂ ಇಬ್ಬರು ಉಪಾಧ್ಯಾಯರೂ ಕೂಡಿ ಅಲ್ಲಿ ಮೂರು ದಿವಸದ ಆರೋಗ್ಯ ಶಿಬಿರವೊಂದನ್ನು ನಡೆಸಿದ್ದರು. ಹಿಂದಿರುಗಿದ ಸಂಜೆಯೇ ಆಕೆ ತನ್ನ ಅಜ್ಜಿಯೊಡನೆ ನಮ್ಮ ಮನೆಯ ಜಗುಲಿಗೆ ಬಂದು, ಮೊಬೈಲಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ನನಗೆ ತೋರಿಸಿದಳು. "412 ಮಂದಿಯನ್ನು ನೋಡಿದೆವು, ಡಾಕ್ಟರ್ ತಾತ" ಎಂದು ಹೇಳುವಾಗ ಆ ಮುಖದಲ್ಲಿದ್ದ ಕಾಂತಿಯು ಕೃತಕವಾದದ್ದಲ್ಲ. ಅಜ್ಜಿಯು ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳುತ್ತಿದ್ದು, ಕೊನೆಗೆ, "ಅದೆಲ್ಲಾ ಸರಿ ಕಣೇ, ಮತ್ತೆ ಯಾವಾಗ ಹೋಗ್ತೀ?" ಎಂದರು. "ಮುಂದಿನ ವರ್ಷ ಬೇರೆ ಊರಿಗಂತೆ ಅಜ್ಜಿ" ಎಂದಳು ಮೊಮ್ಮಗಳು. ಅಜ್ಜಿ ಮತ್ತೇನೂ ಹೇಳದೆ ಇನ್ನೊಂದು ಬತ್ತಿಗೆ ಹತ್ತಿಯನ್ನು ಎಳೆದುಕೊಂಡರು.

ಆ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಓದು ಮುಗಿಯದ ವಿದ್ಯಾರ್ಥಿಗಳು ವೈದ್ಯರಿಲ್ಲದ ಊರುಗಳಿಗೆ ಕೆಲವು ದಿನಗಳ ಮಟ್ಟಿಗೆ ಹೋಗಿ ಚಿಕಿತ್ಸೆಯಲ್ಲಿ ಕೈಯಿಡುವುದು ಈಗ ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ವಾಡಿಕೆಯಾಗಿದೆ. ಇದನ್ನು ಎಲ್ಲರೂ ಸೇವೆಯೆಂದೇ ಕರೆಯುವರು. ಹಾಗೆ ಕರೆಯುವುದು ಯುಕ್ತವೇ, ಈ ಕಾರ್ಯದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು, ಎಂಬುದನ್ನು ಸ್ವಲ್ಪ ವಿಚಾರಮಾಡಬೇಕೆಂದು ಈ ಲೇಖನವನ್ನು ಬರೆಯತೊಡಗಿದ್ದೇನೆ. ನಾನೂ ಇಂಥ ಶಿಬಿರದಿಂದಲೇ ಹೊರಟವನು. ಆದಕಾರಣ ನನ್ನ ಮಾತು ತಟಸ್ಥನ ತೀರ್ಪಲ್ಲವೆಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು.

"ಏನೂ ಇಲ್ಲದ ಕಡೆಯಲ್ಲಿ ಇಷ್ಟಾದರೂ ಆಯಿತಲ್ಲ" ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಅನ್ನದ ವಿಷಯದಲ್ಲಿ ಈ ಮಾತು ಪೂರ್ಣವಾಗಿ ಸತ್ಯ. ಹಸಿದವನಿಗೆ ಇಂದು ಒಂದು ಹೊತ್ತು ಊಟವಿಕ್ಕಿದರೆ ಆ ಊಟವು ಊಟವೇ. ನಾಳೆ ಅವನು ಮತ್ತೆ ಹಸಿದನೆಂಬ ಕಾರಣದಿಂದ ಇಂದಿನ ತೃಪ್ತಿಯು ಸುಳ್ಳಾಗದು. ವೈದ್ಯದಲ್ಲಿಯೂ ಅನ್ನದಾನದ ಜಾತಿಗೆ ಸೇರಿದ ಕೆಲಸಗಳು ಕೆಲವುಂಟು. ಹುಳುಕು ಹಲ್ಲನ್ನು ಕೀಳುವುದು, ಕಜ್ಜಿಗೆ ಮದ್ದು ಹಚ್ಚುವುದು, ಗಾಯವನ್ನು ತೊಳೆದು ಕಟ್ಟುವುದು, ಇವೆಲ್ಲ ಬಹುಮಟ್ಟಿಗೆ ಅಂದಿಗಂದಿಗೆ ಮುಗಿಯತಕ್ಕವು. ಆದರೆ ರಕ್ತದ ಒತ್ತಡ, ಮಧುಮೇಹ, ಮೂರ್ಛೆರೋಗ, ಕ್ಷಯ ಇವುಗಳ ಜಾತಿಯೇ ಬೇರೆ. ಕ್ಷಯಕ್ಕೆ ಆರು ತಿಂಗಳ ಔಷಧವು ಬೇಕಾಗುವಲ್ಲಿ ಒಂದು ತಿಂಗಳದನ್ನು ಕೊಟ್ಟು ಕೈಬಿಟ್ಟರೆ ಆರನೆಯ ಒಂದು ಪಾಲು ಉಪಕಾರವಾಯಿತೆಂದು ಲೆಕ್ಕ ಹಾಕುವಂತಿಲ್ಲ. ಔಷಧಕ್ಕೆ ಬಗ್ಗದ ಕ್ಷಯವನ್ನು ಆ ಮನೆಯಲ್ಲಿ ಬಿತ್ತಿ ಬಂದಂತೆಯೂ ಆಗಬಹುದು. ಊರ ಹೊರಗೆ ಬಾವಿಯನ್ನು ಅರ್ಧ ತೋಡಿ ಬಿಟ್ಟುಹೋದವನು ಅರ್ಧ ನೀರನ್ನು ಕೊಟ್ಟವನಾಗುವುದಿಲ್ಲ. ಅದರಲ್ಲಿ ದನವೋ ಮಗುವೋ ಬಿದ್ದ ದಿವಸ ಅವನು ಏನನ್ನು ಕೊಟ್ಟನೆಂಬುದು ಗೊತ್ತಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1979ನೆಯ ಇಸವಿಯಲ್ಲಿ ನಾನು ನಾಲ್ಕನೆಯ ವರ್ಷದ ವಿದ್ಯಾರ್ಥಿಯಾಗಿದ್ದೆ. ವೈದ್ಯಶಿಕ್ಷಣವನ್ನು ಹಳ್ಳಿಯ ಕಡೆಗೆ ತಿರುಗಿಸಬೇಕೆಂದು ಸರಕಾರವು ಹೊಸ ಯೋಜನೆಯೊಂದನ್ನು ಆರಂಭಿಸಿ ಆಗ್ಗೆ ಎರಡು ವರ್ಷ ಕಳೆದಿತ್ತು. ನಮ್ಮ ಕಾಲೇಜಿನಿಂದ ಒಂದು ದೊಡ್ಡ ವಾಹನದಲ್ಲಿ, ಹಾಡುತ್ತ, ಒಂದು ಹಳ್ಳಿಗೆ ಹೋದೆವು. ಶಾಲೆಯ ಜಗುಲಿಯಲ್ಲಿ ಮೇಜುಗಳನ್ನಿಟ್ಟರು. ರಕ್ತದ ಒತ್ತಡವನ್ನು ನೋಡುವ ಮೇಜು ನನ್ನದಾಯಿತು. ಹೊಸದಾಗಿ ಕಲಿತ ವಿದ್ಯೆ. ತೋಳಿಗೆ ಪಟ್ಟಿಯನ್ನು ಸುತ್ತಿ, ಕಿವಿಗೆ ನಳಿಗೆಯನ್ನಿಟ್ಟು, ಪಾದರಸವು ಇಳಿಯುವುದನ್ನು ನೋಡುವಾಗ ನಾನು ಪೂರ್ಣ ವೈದ್ಯನೇ ಆದಂತೆ ಭಾಸವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸುಮಾರು 50 ವರ್ಷದ ಒಬ್ಬ ಹೆಂಗಸು ಬಂದು ಕುಳಿತಳು. ಆಕೆಗೆ ಯಾವ ಬಾಧೆಯೂ ಇರಲಿಲ್ಲ. ಎಲ್ಲರೂ ತೋರಿಸಿಕೊಳ್ಳುತ್ತಾರೆಂದು ಬಂದವಳು. ಪಾದರಸವು 200ರಲ್ಲಿ ಸದ್ದು ಕೊಟ್ಟು 120ರಲ್ಲಿ ನಿಂತಿತು. ನಾನು ಗಾಬರಿಗೊಂಡು ಉಪಾಧ್ಯಾಯರನ್ನು ಕರೆದೆನು. ಅವರು ಮತ್ತೊಮ್ಮೆ ನೋಡಿ, 15 ದಿವಸದ ಮಾತ್ರೆಯನ್ನು ಕೊಡಿಸಿ, ಪಟ್ಟಣದ ಆಸ್ಪತ್ರೆಗೆ ಹೋಗಬೇಕೆಂದು ಚೀಟಿಯಲ್ಲಿ ಬರೆಯಹೇಳಿದರು, ನಾನು ಬರೆದೆನು. "ಇದನ್ನು ಬಿಡಬೇಡಿ ಅಮ್ಮ, ಬಿಟ್ಟರೆ ಅಪಾಯ" ಎಂದು ಗಂಭೀರವಾಗಿ ಹೇಳಿದೆನು.

ಆ ಮಾತ್ರೆಯಲ್ಲಿದ್ದದ್ದು ರೆಸರ್ಪಿನ್. ಅದು ಸರ್ಪಗಂಧಿಯ ಬೇರಿನ ಸತ್ವ. ನಮ್ಮ ಕಾಡುಗಳಲ್ಲಿಯೇ ಬೆಳೆಯುವ ಈ ಗಿಡದ ಗುಣವನ್ನು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಯಪಡಿಸಿದ್ದರು. ಬೇರು ಆ ಹೆಂಗಸಿನ ಊರಿನ ಕಡೆಯದೇ ಆಗಿದ್ದರೂ ಇರಬಹುದು. ಮಾತ್ರೆಯಾಗಿ ಮಾತ್ರ ಅದು ಆಕೆಯ ಊರಿನಲ್ಲಿ ದೊರೆಯುತ್ತಿರಲಿಲ್ಲ.

1983ರಲ್ಲಿ ನಾನು ಅದೇ ಸೀಮೆಯ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆನು. ಒಂದು ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಒಬ್ಬ ಯುವಕನು ತನ್ನ ತಾಯಿಯನ್ನು ಕರೆತಂದನು. ಬಲಗೈ ಬಲಗಾಲುಗಳು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಹಿಂದಿನ ಚಿಕಿತ್ಸೆಯ ಕಾಗದವೇನಾದರೂ ಉಂಟೇ ಎಂದು ಕೇಳಲು, ಮಗನು ಒಂದು ಬಟ್ಟೆಯ ಚೀಲದಿಂದ, ಮಡಿಕೆಗಳಲ್ಲಿ ಸವೆದುಹೋಗಿದ್ದ ಒಂದು ಚೀಟಿಯನ್ನು ತೆಗೆದುಕೊಟ್ಟನು. ಅಕ್ಷರವು ನನ್ನದು. ಅದರೊಡನೆ ಕಾಗದದ ಪೊಟ್ಟಣವೊಂದಿತ್ತು. ಅದರಲ್ಲಿ ನಾಲ್ಕು ಮಾತ್ರೆಗಳಿದ್ದವು. ಮಗನು ಹೇಳಿದ್ದಿಷ್ಟು: ಶಿಬಿರ ಮುಗಿದಮೇಲೆ ಎರಡು ಸಾರಿ ಪಟ್ಟಣಕ್ಕೆ ಹೋದರಂತೆ, ಒಂದು ಸಾರಿ ಡಾಕ್ಟರು ಇರಲಿಲ್ಲ, ಇನ್ನೊಂದು ಸಾರಿ ಮಾತ್ರೆ ಇರಲಿಲ್ಲ. ಮೂರನೆಯ ಸಾರಿಗೆ ಕೂಲಿ ಬಿಟ್ಟು ಹೋಗಲಾಗಲಿಲ್ಲ. "ಬಿಟ್ಟರೆ ಅಪಾಯ ಅಂದಿದ್ರಲ್ಲ ಸ್ವಾಮಿ, ಅದಕ್ಕೆ ಅವ್ವ ಪೂರ್ತಿ ಬಿಡಬಾರದು ಅಂತ ನಾಕು ಉಳಿಸ್ಕೊಂಡಿದ್ಲು" ಎಂದನು.

ಆಕೆಯು ಮಾತ್ರೆಯನ್ನು ಬಿಡದೆ ಸೇವಿಸಿದ್ದರೆ ಪಾರ್ಶ್ವವಾಯು ಬರುತ್ತಿರಲಿಲ್ಲವೆಂದು ಯಾವ ವೈದ್ಯನೂ ಪ್ರಮಾಣಮಾಡಿ ಹೇಳಲಾರನು. ಶಿಬಿರವೇ ನಡೆಯದಿದ್ದರೂ ಹೀಗೆಯೇ ಆಗುತ್ತಿತ್ತೆಂದು ನನ್ನ ಮಿತ್ರರೊಬ್ಬರು ನನಗೆ ಸಮಾಧಾನ ಹೇಳಿದರು. ತರ್ಕಕ್ಕೆ ಅದು ಸರಿ. ಆದರೆ ಶಿಬಿರವು ನಡೆಯದಿದ್ದರೆ ಆಕೆ ನಾಲ್ಕು ವರ್ಷ ತನ್ನ ಮೈಯಲ್ಲಿ ಒಂದು ಅಪಾಯವುಂಟೆಂಬ ಭಯವನ್ನು ಹೊತ್ತಿರುತ್ತಿರಲಿಲ್ಲ. ಎರಡು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಿರಲಿಲ್ಲ. ನಾಲ್ಕು ಮಾತ್ರೆಗಳಲ್ಲಿ ನಂಬಿಕೆಯಿಟ್ಟು ಕಾಯುತ್ತಿರಲಿಲ್ಲ. ನಾನು ಆಕೆಗೆ ಕೊಟ್ಟದ್ದು ಇವು ಮೂರು. ಆಕೆ ನನಗೆ ಕೊಟ್ಟದ್ದೇನು? ಅಷ್ಟು ಏರಿದ ಒತ್ತಡದ ಸದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಆಕೆಯ ತೋಳಿನಲ್ಲಿ. ಮುಂದೆ ಸಾವಿರಾರು ತೋಳುಗಳಲ್ಲಿ ಅದನ್ನು ಗುರುತಿಸಿದೆನು, ಅದರಿಂದ ಜೀವನ ಮಾಡಿದೆನು, ಮಕ್ಕಳನ್ನು ಓದಿಸಿದೆನು.

ಹೀಗೆ ಲೆಕ್ಕವನ್ನು ತೆರೆದುನೋಡಿದರೆ ದಾತೃವು ಯಾರೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಶಿಬಿರದ ಚಿತ್ರಗಳಲ್ಲೆಲ್ಲ ವಿದ್ಯಾರ್ಥಿಯ ಕೈಯೇ ಮೇಲಿರುವುದು. ವಸ್ತುಸ್ಥಿತಿಯಲ್ಲಾದರೋ ಕಲಿಯುವವನು ವಿದ್ಯಾರ್ಥಿ, ಕಲಿಯಲು ಮೈಯನ್ನು ಒಡ್ಡುವವನು ಹಳ್ಳಿಯವನು. ಇದು ಹೊಸ ಸಂಗತಿಯೇನಲ್ಲ. ಪಟ್ಟಣದ ದೊಡ್ಡಾಸ್ಪತ್ರೆಗಳ ಧರ್ಮಾರ್ಥ ವಾರ್ಡುಗಳಲ್ಲಿಯೂ ಬಡವನ ಮೈಮೇಲೆಯೇ ನಾವು ಕಲಿತದ್ದು. ಸಿರಿವಂತನ ಮೈಮೇಲೆ ಕಲಿತ ವೈದ್ಯನನ್ನು ನಾನು ಕಂಡಿಲ್ಲ. ಆದರೆ ಆಸ್ಪತ್ರೆಯಲ್ಲಿ ಕಲಿಯುವವನ ತಪ್ಪನ್ನು ತಿದ್ದುವ ಹಿರಿಯನು ಮರುದಿನವೂ ಇರುತ್ತಾನೆ, ರೋಗಿಯೂ ಇರುತ್ತಾನೆ. ಶಿಬಿರದಲ್ಲಿ ತಪ್ಪು ಮಾತ್ರ ಊರಿನಲ್ಲಿ ಉಳಿಯುವುದು, ಮಾಡಿದವನು ವಾಹನವನ್ನೇರಿರುವನು. ಕಲಿಕೆಯು ಒಬ್ಬನಿಗೆ, ಅದರ ಬೆಲೆ ಇನ್ನೊಬ್ಬನಿಗೆ. ನಮ್ಮ ಹಿರಿಯರು ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುವನೆಂದರು. ವೈದ್ಯನಾಗುವವನಿಗೆ ನಾಲ್ಕನೆಯದೊಂದು ರೋಗಿಋಣವುಂಟೆಂದು ಅವರು ಹೇಳದಿದ್ದರೆ ನಾವು ಸೇರಿಸಿಕೊಳ್ಳಬಹುದು. ಸಾಲಗಾರನು ಸಾಲ ಕೊಟ್ಟವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವ ರೀತಿಯೇ ಬೇರೆ, ದಾನಿಯು ನಿಲ್ಲುವ ರೀತಿಯೇ ಬೇರೆ.

ಈ ಮಾತನ್ನು ನನಗಿಂತ ಬಹಳ ತೀಕ್ಷ್ಣವಾಗಿ ಹೇಳಿದವರು ಇವಾನ್ ಇಲ್ಲಿಚ್ ಎಂಬವರು. ವಿಯೆನ್ನಾದಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ್ದ ಇವರು, ಬೇಸಗೆಯ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿ 1968ರಲ್ಲಿ ಮಾತನಾಡಿದರು. ಬೆಟ್ಟವನ್ನು ನೋಡಬೇಕಾದರೆ ಬನ್ನಿ, ಓದಿ ತಿಳಿಯಬೇಕಾದರೆ ಬನ್ನಿ. ಉಪಕಾರ ಮಾಡುತ್ತೇವೆಂದು ಮಾತ್ರ ಬರಬೇಡಿ ಎಂಬುದು ಅವರ ಉಪನ್ಯಾಸದ ಸಾರ. ಕರೆಸಿಕೊಂಡವರ ಮುಖದ ಮೇಲೆಯೇ ಹೀಗೆ ಹೇಳಿದ ಅತಿಥಿಗಳು ವಿರಳ. ಅವರ ಮಾತಿನಲ್ಲಿ ಕಠಿನತೆಯು ಅಧಿಕವೆಂದೇ ನನ್ನ ಅಭಿಪ್ರಾಯ. ಆದರೆ ಬಡವನಿಗೆ ನಮ್ಮನ್ನು ಬೇಡವೆನ್ನುವ ಸ್ವಾತಂತ್ರ್ಯವಿಲ್ಲವೆಂಬ ಅವರ ಆಕ್ಷೇಪಣೆಗೆ ನನಗೆ ಇಂದಿಗೂ ಉತ್ತರ ಹೊಳೆದಿಲ್ಲ.

ಅದೇ 1968ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯವರು ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಬರೆದ ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದರು. ಬಾಧೆಯಿಲ್ಲದ ಜನರಲ್ಲಿ ಅಡಗಿರುವ ರೋಗವನ್ನು ಹುಡುಕಿ ತೆಗೆಯುವುದಕ್ಕೆ ಮುಂಚೆ ಪಾಲಿಸಬೇಕಾದ ಹತ್ತು ನಿಯಮಗಳು ಅದರಲ್ಲಿವೆ. ರೋಗಕ್ಕೆ ಒಪ್ಪತಕ್ಕ ಚಿಕಿತ್ಸೆಯಿರಬೇಕು, ಚಿಕಿತ್ಸೆಯ ಅನುಕೂಲವು ಕೈಗೆಟುಕುವಂತಿರಬೇಕು ಎಂಬುವು ಅವುಗಳಲ್ಲಿ ಸೇರಿವೆ. ಹತ್ತನೆಯದು, ಹುಡುಕುವ ಕೆಲಸವು ನಿರಂತರವಾಗಿ ನಡೆಯತಕ್ಕದ್ದು, ಒಮ್ಮೆ ಮಾಡಿ ಮುಗಿಸತಕ್ಕದ್ದಲ್ಲ ಎಂಬುದು. ವಿದ್ವಾಂಸರಿಬ್ಬರು ಹತ್ತನೆಯದಾಗಿ ಬರೆದದ್ದನ್ನೇ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಮೊದಲನೆಯದಾಗಿ ಕೇಳಿದರಷ್ಟೆ.

ಈ ನಿಯಮದ ತೂಕವು ಎಷ್ಟೆಂಬುದು ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣಬರುವ ಕುಡಗೋಲು ಕಣದ ರಕ್ತರೋಗದಲ್ಲಿ ಚೆನ್ನಾಗಿ ತಿಳಿಯುವುದು. ಸಿಕಲ್ ಸೆಲ್ ಎಂದು ಹೆಸರಾದ ಈ ರೋಗವು ತಾಯಿ ತಂದೆಗಳಿಬ್ಬರಿಂದಲೂ ದೋಷವು ಬಂದಾಗ ಮಗುವನ್ನು ಹಿಡಿಯುವುದು. ಒಬ್ಬರಿಂದ ಮಾತ್ರ ಬಂದರೆ ಆ ಮಗು ಸಾಮಾನ್ಯವಾಗಿ ಆರೋಗ್ಯದಿಂದಲೇ ಇದ್ದು ದೋಷವನ್ನು ಹೊತ್ತಿರುವುದು. 2023ರಲ್ಲಿ ಕೇಂದ್ರ ಸರಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಏಳು ಕೋಟಿ ಜನರ ಪರೀಕ್ಷೆಯ ಗುರಿಯನ್ನಿಟ್ಟುಕೊಂಡಿತು. ಬೆರಳಿನಿಂದ ರಕ್ತದ ತೊಟ್ಟನ್ನು ತೆಗೆಯುವುದು ವಿದ್ಯಾರ್ಥಿಗೂ ಸಾಧ್ಯ. ಆದರೆ "ನೀನು ದೋಷವನ್ನು ಹೊತ್ತವಳು" ಎಂದು ಮದುವೆಯ ವಯಸ್ಸಿನ ಹುಡುಗಿಯೊಬ್ಬಳಿಗೆ ಹೇಳಿದಮೇಲೆ, ಅದರ ಅರ್ಥವೇನು, ಅದರಿಂದ ಆಕೆಗೆ ಕಾಯಿಲೆಯಿಲ್ಲವೇಕೆ, ಹುಡುಗನನ್ನೂ ಪರೀಕ್ಷಿಸಬೇಕಾದದ್ದೇಕೆ, ಎಂಬುದನ್ನು ಆಕೆಗೂ ಆಕೆಯ ಸೋದರಮಾವನಿಗೂ ಹತ್ತು ಸಾರಿ ಕುಳಿತು ವಿವರಿಸುವವರು ಬೇಕು. ಬೆಟ್ಟದ ಮೇಲೆ ಡಾಕ್ಟರ್ ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ, ಊರಿನಲ್ಲೇ ಇರುವ ಸಂಸ್ಥೆಗೆ ಅದು ಸಾಧ್ಯ. ಮೂರು ದಿವಸದವರು ಹೇಳಿಹೋದರೆ ಆ ಹುಡುಗಿಗೆ ಉಳಿಯುವುದು ಒಂದು ಹೆಸರು ಮಾತ್ರ, ಅದೂ ಊರಿಗೆಲ್ಲ ಗೊತ್ತಾದ ಹೆಸರು.

ಇನ್ನು ಕಲಿಯದ ಕೆಲಸಕ್ಕೆ ಕೈಹಾಕುವ ವಿಷಯ. ಇದರಲ್ಲಿ ವಾದಕ್ಕೆ ಅವಕಾಶವೇ ಇಲ್ಲವಾದ್ದರಿಂದ ಬೇಗನೆ ಹೇಳಿ ಮುಗಿಸುತ್ತೇನೆ. ತನ್ನ ಊರಿನ ಆಸ್ಪತ್ರೆಯಲ್ಲಿ ತನಗೆ ಅನುಮತಿಯಿಲ್ಲದ ಹೊಲಿಗೆಯನ್ನು, ಸೂಜಿಯನ್ನು, ಪ್ರಸವವನ್ನು ಪರರ ಊರಿನಲ್ಲಿ ಮಾಡುವುದು ಸಲ್ಲದು. ಆಫ್ರಿಕಾ ಮೊದಲಾದ ಪರದೇಶಗಳಿಗೆ ಹೋಗುವ ತಮ್ಮ ವಿದ್ಯಾರ್ಥಿಗಳಿಗೆ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದವರು 2011ರಲ್ಲಿ ಇದೇ ಅರ್ಥದ ಮಾರ್ಗಸೂಚಿಯನ್ನು ಬರೆದುಕೊಡಬೇಕಾಯಿತೆಂದರೆ, ಬರೆಯದೆ ಇದು ತಿಳಿಯುತ್ತಿರಲಿಲ್ಲವೆಂದಾಯಿತು.

ಇಷ್ಟು ಕಠಿನವಾಗಿ ನೋಡಿದರೆ ಯಾವ ತರುಣನು ಹಳ್ಳಿಯ ಕಡೆಗೆ ಮುಖ ಮಾಡಿಯಾನು ಎಂದು ವಾಚಕರು ಕೇಳಬಹುದು. ಇದೇ ಬಲವಾದ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಏಕೆಂದರೆ ಹಳ್ಳಿಯಲ್ಲಿ ನೆಲೆನಿಂತವರೆಲ್ಲರೂ ಮೊದಲು ಒಂದು ದಿನ ಅಲ್ಲಿಗೆ ಹೋದವರೇ. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿದವರು ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೇ, ಡಾಕ್ಟರ್ ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಗೆಳೆಯರೂ ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿಗೆ, ಕಬಿನಿಯ ಅಣೆಕಟ್ಟು ಮತ್ತು ಅಭಯಾರಣ್ಯಗಳಿಂದ ನೆಲೆ ತಪ್ಪಿದ ಕಾಡುಜನರ ನಡುವೆ ಹೋಗಿ ನಿಂತರು. ಆ ತರುಣರನ್ನು ಮೊದಲ ದಿನವೇ ಯಾರಾದರೂ ನನ್ನಂಥ ಮುದುಕನು ತಡೆದು, ಹತ್ತು ನಿಯಮಗಳನ್ನು ಓದಿ ಹೇಳಿದ್ದರೆ?

ಆದಕಾರಣ ಮೊದಲ ಪ್ರಯಾಣವು ತಪ್ಪೆಂದು ನಾನು ಹೇಳಲಾರೆ. ಅದರ ಬೆಲೆಯನ್ನು ಅಂದೇ ಕಟ್ಟಲು ಬರುವುದಿಲ್ಲವೆಂದು ಮಾತ್ರ ಹೇಳಬಲ್ಲೆ. ಐಡಾ ಸ್ಕಡರ್ ಅವರ ವೃತ್ತಾಂತವನ್ನು ಬಹುಮಂದಿ ಕೇಳಿರಬಹುದು. ತಾಯಿಯ ಅಸ್ವಸ್ಥತೆಯ ನಿಮಿತ್ತ ಸ್ವಲ್ಪ ಕಾಲಕ್ಕೆಂದು ತಿಂಡಿವನಕ್ಕೆ ಬಂದಿದ್ದ ಆ ಅಮೆರಿಕದ ತರುಣಿಯನ್ನು ಒಂದು ರಾತ್ರಿ ಮೂವರು ಗಂಡಂದಿರು, ಒಬ್ಬರಾದ ಮೇಲೊಬ್ಬರು, ಹೆರಿಗೆಯಲ್ಲಿ ನರಳುತ್ತಿದ್ದ ತಮ್ಮ ಹೆಂಡಂದಿರಿಗಾಗಿ ಕರೆಯಬಂದರು. ಆಕೆಯ ತಂದೆ ವೈದ್ಯರು; ಆದರೆ ಪರಪುರುಷನು ಒಳಗೆ ಬರುವುದನ್ನು ಅವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಜನರು ಹೇಳದ ಅಂಶ: ಆ ರಾತ್ರಿ ಆಕೆ ಯಾರ ಮನೆಗೂ ಹೋಗಲಿಲ್ಲ, ತಿಳಿಯದ ಕೆಲಸವನ್ನು ಮಾಡಲಿಲ್ಲ. ಸ್ವದೇಶಕ್ಕೆ ಹಿಂದಿರುಗಿ, 1899ರಲ್ಲಿ ವೈದ್ಯಪದವಿಯನ್ನು ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. ಮುಂದೆ ಹಳ್ಳಿಗಳಿಗೆ ಹೊರಟಾಗ ವಾರವಾರವೂ ಅದೇ ದಾರಿಯಲ್ಲಿ ಬಂದು ಅದೇ ಮರಗಳ ನೆರಳಿನಲ್ಲಿ ರೋಗಿಗಳನ್ನು ನೋಡಿದರು. ಮೊದಲ ಪ್ರಯಾಣವು ಆಕೆಯ ಪಾಲಿಗೆ ಋಣಪತ್ರವಾಯಿತು.

ಎಲ್ಲರೂ ಐಡಾ ಸ್ಕಡರ್ ಆಗಲಾರರು. ಆಗಬೇಕೆಂದು ಕೇಳುವುದೂ ಅನ್ಯಾಯ. ವ್ಯಕ್ತಿಯು ಹಿಂದಿರುಗಲಾರದ ಕಡೆಯಲ್ಲಿ ಸಂಸ್ಥೆಯು ಹಿಂದಿರುಗಬಹುದು. ಭೋರ್ ಸಮಿತಿಯವರು 1946ರಲ್ಲಿಯೇ ವೈದ್ಯವಿದ್ಯಾರ್ಥಿಗೆ ಮೂರು ತಿಂಗಳ ಸಾಮಾಜಿಕ ವೈದ್ಯಶಿಕ್ಷಣವು ಬೇಕೆಂದಿದ್ದರು. ವಾರ್ಧಾದ ಬಳಿಯ ಸೇವಾಗ್ರಾಮದಲ್ಲಿ 1969ರಲ್ಲಿ ಡಾಕ್ಟರ್ ಸುಶೀಲಾ ನಯ್ಯರ್ ಅವರು ಸ್ಥಾಪಿಸಿದ ಕಾಲೇಜಿನಲ್ಲಿ ಒಂದೊಂದು ತಂಡದ ವಿದ್ಯಾರ್ಥಿಗಳಿಗೆ ಒಂದೊಂದು ಹಳ್ಳಿ. ಆರಂಭದಲ್ಲಿ 15 ದಿವಸ ಅಲ್ಲಿಯೇ ವಾಸ, ಅನಂತರ ವರ್ಷಗಟ್ಟಲೆ, ತಿಂಗಳಿಗೊಮ್ಮೆ, ತಮಗೆ ಒಪ್ಪಿಸಿದ ಅದೇ ಕೆಲವು ಮನೆಗಳಿಗೆ ಭೇಟಿ. ಇದೇ ರೀತಿಯನ್ನು ಈಚೆಗೆ ದೇಶದ ವೈದ್ಯಕೀಯ ಕಾಲೇಜುಗಳಿಗೆಲ್ಲ ವಿಧಿಸಿದ್ದಾರೆ. ಅದಕ್ಕೆ ಕುಟುಂಬ ದತ್ತು ಎಂದು ಹೆಸರಿಟ್ಟಿರುವುದು ಮಾತ್ರ ನನಗೆ ನಗು ತರಿಸುತ್ತದೆ. 19 ವರ್ಷದ ಹುಡುಗನು 70 ವರ್ಷದ ಅಜ್ಜಿಯಿರುವ ಸಂಸಾರವನ್ನು ದತ್ತು ತೆಗೆದುಕೊಳ್ಳುವುದೆಂದರೇನು? ಆ ಮನೆಯವರೇ ಅವನನ್ನು ದತ್ತು ತೆಗೆದುಕೊಂಡರೆಂದು ಬರೆದಿದ್ದರೆ ಶಾಸ್ತ್ರಕ್ಕೂ ಸರಿ, ಸತ್ಯಕ್ಕೂ ಸಮೀಪ.

ಸಂಸ್ಥೆಯೂ ಹಿಂದಿರುಗದಿದ್ದರೆ? ಆಗಲೂ ಊರಿನಲ್ಲಿ ಉಳಿಯುವವರೊಬ್ಬರು ಇದ್ದೇ ಇದ್ದಾರೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ನೇಮಕಗೊಂಡ ಆಶಾ ಕಾರ್ಯಕರ್ತೆಯು ಆ ಊರಿನ ಸೊಸೆಯೋ ಮಗಳೋ ಆಗಿರುವಳು. ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆಯೆಂಬುದು ಆಕೆಯ ನಾಲಗೆಯ ತುದಿಯಲ್ಲಿರುವುದು. ಶಿಬಿರಗಳಲ್ಲಿ ಆಕೆಗೆ ಸಾಮಾನ್ಯವಾಗಿ ಜನರನ್ನು ಸಾಲಾಗಿ ನಿಲ್ಲಿಸುವ ಕೆಲಸವನ್ನು ಕೊಡುವರು. ವಿದ್ಯಾರ್ಥಿಗಳು ಆಕೆಯ ಕೈಕೆಳಗೆ ಬರವಣಿಗೆಯವರಾಗಿ ಕುಳಿತು, ಮಾತ್ರೆ ಬೇಕಾದವರು ಯಾರು, ಅದು ಯಾವ ಆರೋಗ್ಯ ಕೇಂದ್ರದಲ್ಲಿ ಯಾವ ವಾರ ದೊರೆಯುವುದು ಎಂಬುದನ್ನು ಆಕೆಯ ಪುಸ್ತಕದಲ್ಲಿ ಬರೆದು ಹೋದರೆ, 1979ರಲ್ಲಿ ನಾನು ಮಾಡಿದ್ದಕ್ಕಿಂತ ಹೆಚ್ಚನ್ನು ಮಾಡಿದಂತಾಗುವುದು. ಅದರ ಚಿತ್ರವು ಅಷ್ಟು ಸೊಗಸಾಗಿ ಬರಲಾರದು.

ಇದನ್ನೆಲ್ಲ ನಾನು ಆ ಹುಡುಗಿಗೆ ಒಮ್ಮೆಗೇ ಹೇಳಲಿಲ್ಲ. ಚೀಟಿಯ ಸಂಗತಿಯನ್ನು ಮಾತ್ರ ಒಂದು ದಿನ ಹೇಳಿದೆನು. ಆಕೆ ಸುಮ್ಮನೆ ಕೇಳಿ ಎದ್ದುಹೋದಳು. ಮನಸ್ಸಿಗೆ ನೋವಾಯಿತೇನೋ ಎಂದು ನಾನೂ ನೊಂದುಕೊಂಡೆನು. ಮೊನ್ನೆ ಭಾನುವಾರ ಮತ್ತೆ ಬಂದಳು. ಶಿಬಿರದ ದಾಖಲೆಯನ್ನು ಉಪಾಧ್ಯಾಯರಿಂದ ಕೇಳಿ ಪಡೆದು ನೋಡಿದಳಂತೆ. ಒತ್ತಡವು ಹೆಚ್ಚಾಗಿದ್ದವರು 11 ಮಂದಿ. ಆ ಹಾಡಿಯ ಆಶಾ ಕಾರ್ಯಕರ್ತೆಯನ್ನು ಫೋನಿನಲ್ಲಿ ಹುಡುಕಿ ಹಿಡಿದು ಹೆಸರುಗಳನ್ನು ಓದಿದಳಂತೆ. ಒಂಬತ್ತು ಮಂದಿ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದಾರೆ. ಒಬ್ಬಳು ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿದ್ದಾಳೆ, ಯಾವ ತೋಟವೆಂಬುದು ಗೊತ್ತಿಲ್ಲ. ಇನ್ನೊಬ್ಬನ ಹೆಸರನ್ನು ಶಿಬಿರದಲ್ಲಿ ಯಾರೋ ತಪ್ಪಾಗಿ ಬರೆದುಕೊಂಡಿದ್ದಾರೆ. ಆ ಹೆಸರಿನವರು ಹಾಡಿಯಲ್ಲಿ ಯಾರೂ ಇಲ್ಲ.

"ಅಕ್ಷರ ನಂದೇ ಡಾಕ್ಟರ್ ತಾತ" ಎಂದಳು. ಆಮೇಲೆ, ಅಲ್ಲಿಗೆ ನಮ್ಮೂರಿನಿಂದ ನೇರವಾಗಿ ಬಸ್ಸುಂಟೇ ಎಂದು ಕೇಳಿದಳು. ತಾಲ್ಲೂಕಿನಲ್ಲಿ ಇಳಿದು ಬದಲಾಯಿಸಬೇಕೆಂದು ಹೇಳಿದೆನು.